'ಬೇಕೂಂತಲೇ ಮಾಡಿದ್ದು' ಎಂಬ ಸಿಟ್ಟಿಗೆ ನೋಟ್‌ಬುಕ್ಕಿನಲ್ಲೊಂದು ಮದ್ದು

ಹದಿಹರೆಯದ ಮೊಬೈಲ್ ಜಗಳ ತಗ್ಗಿಸಲು ಶಾಲೆಯಲ್ಲಿ ಉಪಕಾರ ಸ್ಮರಣೆ. ಫಲ ಎಷ್ಟು, ಮಿತಿ ಎಲ್ಲಿ?

ಕಾಸರಗೋಡು: ಹಿಂದೆ ಶಾಲೆಯ ಜಗಳಕ್ಕೂ ಒಂದು ಲಾಂಗ್ ಬೆಲ್ ಇತ್ತು. ಸಂಜೆ ನಾಲ್ಕು ಗಂಟೆಗೆ ಬೆಲ್ ಹೊಡೆಯಿತೆಂದರೆ ಜಗಳ ಅರ್ಧ ಮುಗಿದ ಹಾಗೆ. ಅವರವರು ಅವರವರ ಮನೆಗೆ. ಉಳಿದ ಅರ್ಧ ರಾತ್ರಿಯ ನಿದ್ದೆಯಲ್ಲಿ ಕರಗುತ್ತಿತ್ತು. ಮರುದಿನ ಅಸೆಂಬ್ಲಿಯಲ್ಲಿ ಪಕ್ಕಪಕ್ಕ ನಿಂತಾಗ ಯಾರು ಮೊದಲು ಮಾತಾಡಿಸಿದ್ದೆಂದೂ ನೆನಪಿರುತ್ತಿರಲಿಲ್ಲ.

ಈಗ ಹಾಗಿಲ್ಲ. ಮಕ್ಕಳು ಮನೆಗೆ ಬಂದು ಕೈಕಾಲು ತೊಳೆದು ಚಾ ಕುಡಿಯುವಷ್ಟರಲ್ಲಿ ಜಗಳ ಮೊಬೈಲಿನೊಳಗೆ ಮತ್ತೆ ಶುರುವಾಗಿರುತ್ತದೆ. ಕ್ಲಾಸಿನಲ್ಲಿ ಇಬ್ಬರ ನಡುವೆ ಇದ್ದದ್ದು ವಾಟ್ಸಾಪ್ ಗುಂಪಿನಲ್ಲಿ ನಲವತ್ತು ಜನರದ್ದಾಗುತ್ತದೆ. ಒಬ್ಬ ಫೋಟೋ ಹಾಕುತ್ತಾನೆ, ಇನ್ನೊಬ್ಬ ಅದಕ್ಕೆ ಕೊಂಬು ಬರೆಯುತ್ತಾನೆ, ಮೂರನೆಯವ ಇನ್‌ಸ್ಟಾಗ್ರಾಮ್‌ಗೆ ಸಾಗಿಸುತ್ತಾನೆ. ಮನೆಯ ಹಿರಿಯರಿಗೆ ಇದರ ವಾಸನೆಯೂ ಬಡಿಯುವುದಿಲ್ಲ. ಮಗ ಮೂಲೆಯಲ್ಲಿ ಕೂತು ಓದುತ್ತಿದ್ದಾನೆ ಅಂತಲೇ ಅವರ ಎಣಿಕೆ.

ಈ ಸಿಟ್ಟನ್ನು ತಗ್ಗಿಸಲು ಹಲವು ದೇಶಗಳ ಶಾಲೆಗಳಲ್ಲಿ ಒಂದು ಸರಳ ಪ್ರಯೋಗ ನಡೆದಿದೆ. ಖರ್ಚು ಒಂದು ನೋಟ್‌ಬುಕ್ಕು, ವಾರಕ್ಕೆ ಹತ್ತು ನಿಮಿಷ. ತನಗೆ ಯಾರು ಏನು ಒಳ್ಳೆಯದು ಮಾಡಿದರು ಎಂದು ಮಗು ನೆನೆದು ಬರೆಯಬೇಕು, ಅಷ್ಟೇ. ಇಷ್ಟು ಸಣ್ಣ ಮದ್ದಿಗೆ ಅಷ್ಟು ದೊಡ್ಡ ರೋಗ ಬಗ್ಗೀತೇ ಎಂದು ಯಾರಿಗೂ ಸಂಶಯ ಬರುವುದು ಸಹಜ. ಸಂಶಯ ಇರುವುದು ಒಳ್ಳೆಯದೇ. ಅದನ್ನು ಇಟ್ಟುಕೊಂಡೇ ಮುಂದೆ ನೋಡೋಣ.

ತಾಮರಶ್ಶೇರಿ ಕಲಿಸಿದ ಪಾಠ

ಇದೆಲ್ಲ ಮಕ್ಕಳಾಟ ಎಂದು ತಳ್ಳಿಹಾಕುವ ಕಾಲ ದಾಟಿದೆ. 2025ರ ಫೆಬ್ರವರಿಯಲ್ಲಿ ಕೋಝಿಕ್ಕೋಡ್ ಜಿಲ್ಲೆಯ ತಾಮರಶ್ಶೇರಿಯ ಒಂದು ಟ್ಯೂಷನ್ ಸೆಂಟರಿನಲ್ಲಿ ಹತ್ತನೇ ತರಗತಿಯವರ ಬೀಳ್ಕೊಡುಗೆ ಇತ್ತು. ಕುಣಿತದ ಹೊತ್ತಿಗೆ ಒಂದಿಷ್ಟು ಗೇಲಿ ನಡೆಯಿತು. ಅದು ಅಲ್ಲಿಗೇ ಮುಗಿಯಬೇಕಾದ ಸಂಗತಿ. ಆದರೆ ಮಾತು ಸಾಮಾಜಿಕ ಜಾಲತಾಣದ ಗುಂಪುಗಳಿಗೆ ಹೋಯಿತು, ಅಲ್ಲಿ ಬೆಳೆಯಿತು. ಫೆಬ್ರವರಿ 27ರಂದು ಬೇರೆ ಬೇರೆ ಶಾಲೆಗಳ ಮಕ್ಕಳು ಬೀದಿಯಲ್ಲಿ ಹೊಡೆದಾಡಿಕೊಂಡರು. ತಲೆಗೆ ಪೆಟ್ಟು ಬಿದ್ದ ಹತ್ತನೇ ತರಗತಿಯ ಹುಡುಗ ಮಾರ್ಚ್ 1ರಂದು ತೀರಿಕೊಂಡ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಉಳಿದಿದ್ದದ್ದು ಎರಡೇ ದಿನ. ಒಂದು ಮನೆ ಮಗನನ್ನು ಕಳೆದುಕೊಂಡಿತು, ಇನ್ನು ಕೆಲವು ಮನೆಗಳ ಮಕ್ಕಳು ಬಾಲನ್ಯಾಯ ಮಂಡಳಿಯ ಮುಂದೆ ನಿಂತರು.

ಆ ವರ್ಷ ಜೂನ್‌ನಲ್ಲಿ ಶಾಲೆ ತೆರೆದಾಗ ಕೇರಳದ ಶಿಕ್ಷಣ ಇಲಾಖೆ ಮೊದಲ ಎರಡು ವಾರ ದಿನಕ್ಕೊಂದು ಗಂಟೆಯನ್ನು ಪಠ್ಯದ ಹೊರಗಿನ ಪಾಠಕ್ಕೆ ಮೀಸಲಿಟ್ಟಿತು. ಮಾದಕ ವಸ್ತು, ರಸ್ತೆ ನಿಯಮ, ಶುಚಿತ್ವದ ಜೊತೆಗೆ ಡಿಜಿಟಲ್ ಶಿಸ್ತೂ ಅದರಲ್ಲಿ ಸೇರಿತ್ತು. ಒಳ್ಳೆಯ ಹೆಜ್ಜೆ. ಆದರೆ ಎರಡು ವಾರದ ಉಪದೇಶ ಹತ್ತು ತಿಂಗಳ ಮೊಬೈಲಿಗೆ ಸಾಟಿಯಾಗಬೇಕಾದರೆ ವರ್ಷವಿಡೀ ಮಾಡುವ ಒಂದು ಸಣ್ಣ ಅಭ್ಯಾಸವೂ ಬೇಕು.

ಪರದೆಯ ಹಿಂದೆ ಮುಖ ಇಲ್ಲ

ಎದುರಿಗೆ ನಿಂತು ಬೈಯಲು ಹೆದರುವ ಹುಡುಗ ಮೊಬೈಲಿನಲ್ಲಿ ಹುಲಿಯಾಗುವುದು ಹೇಗೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದರ ಕಾರಣಗಳನ್ನು ಬಿಡಿಸಿಟ್ಟರು. ಹೆಸರು ಮರೆಸಬಹುದು. ನಮ್ಮ ಮುಖ ಅವರಿಗೆ ಕಾಣುವುದಿಲ್ಲ, ಅವರ ಮುಖ ನಮಗೆ ಕಾಣುವುದಿಲ್ಲ. ಹೇಳಿದ ಮಾತಿಗೆ ಉತ್ತರ ಆ ಕ್ಷಣವೇ ಬರಬೇಕೆಂದಿಲ್ಲ, ಬಿಸಾಡಿ ಓಡಿಹೋಗಬಹುದು. ಎದುರಿನವರ ದನಿಯನ್ನು ನಾವೇ ನಮ್ಮ ತಲೆಯಲ್ಲಿ ಕಲ್ಪಿಸಿಕೊಳ್ಳುತ್ತೇವೆ. ಅಲ್ಲಿ ನಡೆಯುವುದೆಲ್ಲ ಆಟ ಎಂದು ತೋರುತ್ತದೆ. ಮಾಷ್ಟ್ರು, ಹಿರಿಯರು ಯಾರೂ ಅಲ್ಲಿ ದೊಡ್ಡವರಲ್ಲ.

ಎದುರು ಸಿಕ್ಕಿದಾಗ ಬೈದರೆ ಗೆಳೆಯನ ಕಣ್ಣು ತುಂಬಿಕೊಳ್ಳುತ್ತದೆ. ಅದನ್ನು ಕಂಡ ಹುಡುಗ ಎಷ್ಟೇ ಒರಟನಾದರೂ ಒಂದು ಕ್ಷಣ ತಡೆಯುತ್ತಾನೆ. "ಹೋಗ್ಲಿ ಬಿಡು ಮಾರಾಯ, ತಮಾಷೆಗೆ ಹೇಳಿದ್ದು" ಅಂತಾನೆ. ಮೊಬೈಲಿನಲ್ಲಿ ಆ ತುಂಬಿದ ಕಣ್ಣು ಇಲ್ಲ. ಕಾಣುವುದು ನಗುವ ಇಮೋಜಿಗಳು ಮಾತ್ರ. ಬ್ರೇಕ್ ಇಲ್ಲದ ಬಂಡಿ ಇಳಿಜಾರಿನಲ್ಲಿ ಓಡಿದ ಹಾಗೆ.

ಇಲ್ಲಿ ಇನ್ನೊಂದು ಮಾತು. ನಮ್ಮ ಹಲವು ಮನೆಗಳಿಗೆ ಮೊಬೈಲನ್ನು ತಂದದ್ದೇ ಶಾಲೆ. 2020ರ ಜೂನ್ 1ರಂದು ಕೇರಳದಲ್ಲಿ 'ಫಸ್ಟ್ ಬೆಲ್' ಆನ್‌ಲೈನ್ ಪಾಠ ಶುರುವಾದಾಗ ಸಾಲ ಮಾಡಿಯಾದರೂ ಫೋನ್ ಕೊಂಡವರಿದ್ದಾರೆ. ಬೀಡಿ ಕಟ್ಟಿ, ಅಡಿಕೆ ಸುಲಿದು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಪಾಠ ಮತ್ತೆ ಕ್ಲಾಸಿಗೆ ಮರಳಿತು, ಫೋನ್ ಮಕ್ಕಳ ಕೈಯಲ್ಲೇ ಉಳಿಯಿತು. ಹಾಗಾಗಿ ಕಸಿದು ಕಪಾಟಿನಲ್ಲಿಟ್ಟರೆ ಮುಗಿಯಿತು ಎನ್ನುವುದು ಸುಲಭದ ಮಾತು. ಹೋಂವರ್ಕೂ ಅದರಲ್ಲೇ, ಗಲ್ಫಿನಲ್ಲಿರುವ ಅಪ್ಪನ ಮುಖ ಕಾಣುವುದೂ ಅದರಲ್ಲೇ.

ಎಲ್ಲ ಜಗಳದ ಬೇರು ಒಂದು ಶಬ್ದ

ಹೈಸ್ಕೂಲಿನ ಯಾವುದೇ ಜಗಳ ಬಿಡಿಸಲು ಹೋಗಿ. ಇಬ್ಬರ ಬಾಯಲ್ಲೂ ಬರುವ ಶಬ್ದ ಒಂದೇ: "ಅವ ಬೇಕೂಂತಲೇ ಮಾಡಿದ್ದು ಟೀಚರ್!" ಮೆಸೇಜು ನೋಡಿಯೂ ಉತ್ತರ ಕೊಡಲಿಲ್ಲ, ಬೇಕೂಂತಲೇ. ಗ್ರೂಪ್ ಫೋಟೋದಲ್ಲಿ ನನ್ನ ತಲೆ ಕತ್ತರಿಸಿದ್ದಾಳೆ, ಬೇಕೂಂತಲೇ. ನನ್ನನ್ನು ಬಿಟ್ಟು ಬೇರೆ ಗುಂಪು ಮಾಡಿದ್ದಾರೆ, ಬೇಕೂಂತಲೇ.

ಈ 'ಬೇಕೂಂತಲೇ'ಯನ್ನು ಅಮೆರಿಕದ ಕೆನೆತ್ ಡಾಜ್ 1980ರಲ್ಲಿ ಪರೀಕ್ಷಿಸಿ ನೋಡಿದರು. ಶಾಲಾ ಹುಡುಗರಿಗೆ ಜೋಡಿಸುವ ಆಟದ ತುಂಡುಗಳನ್ನು ಕೊಟ್ಟರು. ಜೋಡಿಸಿದ್ದನ್ನು ಪಕ್ಕದ ಕೋಣೆಯ ಹುಡುಗನೊಬ್ಬ ಕೆಡಿಸಿದ ಹಾಗೆ ತೋರಿಸಲಾಯಿತು. ಕೆಲವರಿಗೆ ಅವನು ಬೇಕೆಂದೇ ಕೆಡಿಸಿದನೆಂದು ತಿಳಿಯಿತು. ಕೆಲವರಿಗೆ ಸಹಾಯ ಮಾಡಲು ಹೋಗಿ ಹಾಗಾಯಿತೆಂದು ತಿಳಿಯಿತು. ಈ ಎರಡು ಸಂದರ್ಭದಲ್ಲಿ ಜಗಳಗಂಟ ಹುಡುಗರೂ ಸಾಧು ಹುಡುಗರೂ ಹೆಚ್ಚುಕಮ್ಮಿ ಒಂದೇ ರೀತಿ ನಡೆದುಕೊಂಡರು. ವ್ಯತ್ಯಾಸ ಕಂಡದ್ದು ಮೂರನೆಯ ಸಂದರ್ಭದಲ್ಲಿ, ಅಂದರೆ ಯಾಕೆ ಕೆಡಿಸಿದನೆಂಬುದು ಸ್ಪಷ್ಟ ಇಲ್ಲದಾಗ. ಆಗ ಜಗಳಗಂಟರು ದ್ವೇಷದಿಂದಲೇ ಮಾಡಿದ್ದೆಂದು ತೀರ್ಮಾನಿಸಿದರು. ಉಳಿದವರು ಏನೋ ತಪ್ಪಿ ಆಗಿರಬೇಕು ಎಂದುಕೊಂಡರು.

ಮೊಬೈಲಿನ ಮಾತಿನಲ್ಲಿ ಈ ಮೂರನೆಯ ಸಂದರ್ಭವೇ ಜಾಸ್ತಿ. ದನಿ ಇಲ್ಲ, ಮುಖ ಇಲ್ಲ. 'ಆಯ್ತು' ಎಂದಷ್ಟೇ ಬರೆದರೆ ಅದು ಒಪ್ಪಿಗೆಯೋ ಸಿಟ್ಟೋ? ನೀಲಿ ಟಿಕ್ ಬಿದ್ದು ಉತ್ತರ ಬಾರದಿದ್ದರೆ ಸೊಕ್ಕೋ, ಅಥವಾ ಅಮ್ಮ ಫೋನ್ ತೆಗೆದುಕೊಂಡರೋ? ಓದುವವನ ಮನಸ್ಸು ಯಾವ ಕಡೆಗೆ ವಾಲಿದೆಯೋ ಅರ್ಥವೂ ಆ ಕಡೆಗೆ ವಾಲುತ್ತದೆ.

ಅದೇ ಶಬ್ದ, ಬೇರೆ ತುದಿ

ಉಪಕಾರ ಸ್ಮರಣೆಯ ಅಭ್ಯಾಸ ಕೆಲಸ ಮಾಡಬಹುದಾದ ಜಾಗ ಇದೇ. ನ್ಯೂಯಾರ್ಕಿನ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಜೆಫ್ರಿ ಫ್ರೋ ಮತ್ತು ಸಂಗಡಿಗರು ಎಂಟರಿಂದ ಹನ್ನೊಂದು ವಯಸ್ಸಿನ ಮಕ್ಕಳಿಗೆ ಒಂದು ಪಾಠಕ್ರಮ ಮಾಡಿ 2014ರಲ್ಲಿ ಅದರ ಫಲ ಪ್ರಕಟಿಸಿದರು. 'ಥ್ಯಾಂಕ್ಸ್ ಹೇಳು' ಎಂಬ ಉಪದೇಶ ಅದರ ತಿರುಳಲ್ಲ. ಯಾರಾದರೂ ಸಹಾಯ ಮಾಡಿದಾಗ ಮೂರು ವಿಷಯ ಯೋಚಿಸಲು ಅದು ಕಲಿಸುತ್ತದೆ. ಅವರು ಅದನ್ನು ಬೇಕೆಂದೇ ಮಾಡಿದರೇ? ಅದಕ್ಕಾಗಿ ಅವರು ಏನು ಬಿಟ್ಟುಕೊಟ್ಟರು? ಅದರಿಂದ ನನಗೇನು ಒಳ್ಳೆಯದಾಯಿತು? ಹೀಗೆ ಕಲಿತ ಮಕ್ಕಳಲ್ಲಿ ಕೃತಜ್ಞತೆ ಹೆಚ್ಚಿತು. ವಾರಕ್ಕೊಂದರಂತೆ ಪಾಠ ಮಾಡಿದಲ್ಲಿ ಫಲ ಐದು ತಿಂಗಳ ನಂತರವೂ ಕಂಡಿತು.

ಮೊದಲ ಪ್ರಶ್ನೆಯನ್ನು ಗಮನಿಸಿ. 'ಬೇಕೂಂತಲೇ ಮಾಡಿದ್ದಾ?' ಜಗಳದಲ್ಲಿ ಕೇಳುವ ಪ್ರಶ್ನೆಯೇ, ಆದರೆ ಇನ್ನೊಂದು ತುದಿಯಿಂದ. ನೆಗಡಿಯಾದ ದಿನ ಪಕ್ಕದ ಬೆಂಚಿನವಳು ತನ್ನ ನೋಟ್ಸು ಕೊಟ್ಟಳು. ಬೇಕೂಂತಲೇ. ಮಳೆಯಲ್ಲಿ ಓಡಿ ಬರುವುದನ್ನು ಕಂಡು ಕಂಡಕ್ಟರಣ್ಣ ಬೆಲ್ ಹೊಡೆಯದೆ ಕಾದರು, ಕನ್ಸೆಷನ್ ಮಕ್ಕಳೆಂದು ಮುಖ ಸಿಂಡರಿಸಲಿಲ್ಲ. ಬೇಕೂಂತಲೇ. ಮಧ್ಯಾಹ್ನದೂಟದ ಅಕ್ಕ ಹೊಟ್ಟೆ ಸರಿ ಇಲ್ಲದ ದಿನ ಬೇರೆ ಗಂಜಿ ತೆಗೆದಿಟ್ಟರು. ಬೇಕೂಂತಲೇ. ಜನ ಬೇಕೆಂದೇ ಒಳ್ಳೆಯದನ್ನೂ ಮಾಡುತ್ತಾರೆ ಎಂಬುದನ್ನು ವಾರ ವಾರ ಬರೆಯುವ ಮನಸ್ಸು, ಅರ್ಥ ಸ್ಪಷ್ಟ ಇಲ್ಲದ ಮೆಸೇಜು ಬಂದಾಗ ಕೆಟ್ಟದ್ದನ್ನೇ ಮೊದಲು ಊಹಿಸದಿರಬಹುದು. ಡಾಜ್ ಕಂಡ ರೋಗಕ್ಕೂ ಫ್ರೋ ಕೊಟ್ಟ ಮದ್ದಿಗೂ ಇರುವ ಈ ನಂಟು ನಮ್ಮ ಊಹೆ. ಆದರೆ ಶಾಲೆಯ ಜಗಳ ಬಿಡಿಸಿದ ಯಾರಿಗೂ ಇದು ದೂರದ ಮಾತು ಅನ್ನಿಸದು.

ಲೆಕ್ಕ ಏನು ಹೇಳುತ್ತದೆ?

ಈ ಬಗೆಯ ಅಧ್ಯಯನಕ್ಕೆ ದಾರಿ ಮಾಡಿದವರು ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ. 2003ರಲ್ಲಿ ಅವರು ಕಾಲೇಜು ವಿದ್ಯಾರ್ಥಿಗಳನ್ನು ಗುಂಪು ಮಾಡಿ, ಒಂದು ಗುಂಪಿನಿಂದ ತಮಗಾದ ಒಳಿತುಗಳನ್ನು, ಇನ್ನೊಂದರಿಂದ ಕಿರಿಕಿರಿಗಳನ್ನು ಬರೆಸಿ ಹೋಲಿಸಿದರು. ಒಳಿತು ಬರೆದವರು ಹೆಚ್ಚು ನೆಮ್ಮದಿಯಿಂದಿದ್ದರು.

ಶಾಲೆಗೆ ಇದನ್ನು ತಂದದ್ದು ಫ್ರೋ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ಮತ್ತು ಏಳನೇ ತರಗತಿಯ 221 ಮಕ್ಕಳಿದ್ದರು, 11 ಕ್ಲಾಸುಗಳು. ಕೆಲವು ಕ್ಲಾಸು ಎರಡು ವಾರ ದಿನವೂ ಐದರವರೆಗೆ ಒಳಿತುಗಳನ್ನು ಬರೆದವು, ಕೆಲವು ಕಿರಿಕಿರಿಗಳನ್ನು ಬರೆದವು, ಕೆಲವು ಏನೂ ಬರೆಯಲಿಲ್ಲ. ಒಳಿತು ಬರೆದ ಮಕ್ಕಳಿಗೆ ಶಾಲೆಯ ಮೇಲೆ ಪ್ರೀತಿ ಹೆಚ್ಚಿತು, ಅದು ಮೂರು ವಾರ ಕಳೆದರೂ ಉಳಿಯಿತು. ಕಿರಿಕಿರಿ ಬರೆದವರಿಗಿಂತ ಅವರ ಮನಸ್ಸಿನ ಕಹಿಯೂ ಕಡಿಮೆ ಇತ್ತು.

ಸಿಟ್ಟಿನ ವಿಚಾರವನ್ನೇ ನೇರವಾಗಿ ಹಿಡಿದವರು ಕೆಂಟಕಿ ವಿಶ್ವವಿದ್ಯಾಲಯದ ನೇಥನ್ ಡಿವಾಲ್ ಮತ್ತು ಸಂಗಡಿಗರು. 2012ರಲ್ಲಿ ಅವರು ಐದು ಅಧ್ಯಯನಗಳನ್ನು ಒಟ್ಟಿಗೆ ಪ್ರಕಟಿಸಿದರು. ಕೃತಜ್ಞತೆ ಹೆಚ್ಚಿದ್ದಲ್ಲಿ ಇನ್ನೊಬ್ಬರನ್ನು ನೋಯಿಸುವ ಪ್ರವೃತ್ತಿ ಕಡಿಮೆ. ಅದಕ್ಕೆ ದಾರಿ ಅನುಕಂಪ, ಅಂದರೆ ಇನ್ನೊಬ್ಬರ ನೋವು ತನಗೂ ತಟ್ಟುವುದು. ಮೆಕ್ಸಿಕೊದ ಹದಿಹರೆಯದವರ ಮೇಲೆ 2020ರಲ್ಲಿ ಬಂದ ಅಧ್ಯಯನವೂ ಕೃತಜ್ಞತೆ, ಕ್ಷಮೆ, ಆತ್ಮನಿಯಂತ್ರಣ ಇರುವ ಮಕ್ಕಳಲ್ಲಿ ಸಹಪಾಠಿಗಳನ್ನು ಪೀಡಿಸುವುದು ಕಡಿಮೆ ಎಂದಿತು. ಇದು ಎರಡು ಜೊತೆಗಿರುತ್ತವೆ ಎನ್ನುವ ಲೆಕ್ಕ ಮಾತ್ರ. ಒಂದರಿಂದಲೇ ಇನ್ನೊಂದು ಆಯಿತು ಎನ್ನಲು ಸಾಲದು.

ಇನ್ನು ನಾಣ್ಯದ ಮತ್ತೊಂದು ಮುಖ. 2016ರಲ್ಲಿ ಟೈಲರ್ ರೆನ್‌ಶಾ ಮತ್ತು ರೇಚಲ್ ಒಲಿಂಜರ್ ಸ್ಟೀವ್ಸ್ ಮಕ್ಕಳ ಮೇಲಿನ ಈ ಬಗೆಯ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ತೂಗಿದರು. ಕೃತಜ್ಞತೆಯ ಸ್ವಭಾವ ಒಳ್ಳೆಯದೇ, ಆದರೆ ಶಾಲೆಯಲ್ಲಿ ಅದನ್ನು ಬೆಳೆಸಲು ನಡೆದ ಪ್ರಯೋಗಗಳು ಒಟ್ಟಾರೆ ಹೇಳಿಕೊಳ್ಳುವಂಥ ಫಲ ಕೊಟ್ಟಿಲ್ಲ ಎಂದರು. 2020ರಲ್ಲಿ ಕ್ರೆಗ್ ಮತ್ತು ಚೀವನ್ಸ್ 27 ಅಧ್ಯಯನಗಳನ್ನು ಸೇರಿಸಿ ನೋಡಿದರು. ಖಿನ್ನತೆ, ಆತಂಕದ ಮೇಲೆ ಇದರ ಪರಿಣಾಮ ಸಣ್ಣದು ಎಂಬುದು ಅವರ ತೀರ್ಮಾನ.

ಹಾಗಾದರೆ ಬಿಟ್ಟುಬಿಡುವುದೇ? ಬೇಡ. ಅದನ್ನೇ ದೊಡ್ಡ ಔಷಧ ಎಂದು ಮಾರುವುದೂ ಬೇಡ. ಜ್ವರಕ್ಕೆ ಕಷಾಯ ಇದ್ದ ಹಾಗೆ. ಕುಡಿದರೆ ಹಿತ, ನ್ಯುಮೋನಿಯಾಕ್ಕೆ ಡಾಕ್ಟರೇ ಬೇಕು. ಹೇಗೆ ಮಾಡಿಸುತ್ತೇವೆ ಎನ್ನುವುದರ ಮೇಲೆ ಫಲ ನಿಂತಿದೆ.

ಋಣ ಬೇರೆ, ಉಪಕಾರ ಸ್ಮರಣೆ ಬೇರೆ

ನಮ್ಮ ಕಡೆ ಈ ಅಭ್ಯಾಸ ಕೆಡುವುದು ಒಂದು ಕಾರಣಕ್ಕೆ. "ನಿನಗೋಸ್ಕರ ಇಷ್ಟೆಲ್ಲ ಮಾಡಿದ್ದೇವೆ, ನೆನಪಿರಲಿ" ಎಂದು ಮನೆಯಲ್ಲೂ ಶಾಲೆಯಲ್ಲೂ ಮಕ್ಕಳಿಗೆ ಹೇಳುವವರೇ ಹೆಚ್ಚು. ಫೀಸು ಕಟ್ಟಿದ್ದು, ಫೋನ್ ತೆಗೆಸಿಕೊಟ್ಟದ್ದು, ಎಲ್ಲದರ ಪಟ್ಟಿ ಇರುತ್ತದೆ. ಅಮೆರಿಕದ ಫಿಲಿಪ್ ವಾಟ್ಕಿನ್ಸ್ ಮತ್ತು ಸಂಗಡಿಗರು 2006ರಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ಉಪಕಾರ ಮಾಡಿದವರು ಪ್ರತಿಫಲ ನಿರೀಕ್ಷಿಸುತ್ತಾರೆ ಎಂದು ಗೊತ್ತಾದಷ್ಟೂ ಋಣಭಾರ ಹೆಚ್ಚುತ್ತದೆ, ಕೃತಜ್ಞತೆ ಇಳಿಯುತ್ತದೆ.

ಅಂದರೆ ಋಣದ ಪಟ್ಟಿ ಓದಿ ಮಗುವಿನ ತಲೆ ತಗ್ಗಿಸಿದರೆ ಬರುವುದು ಕೃತಜ್ಞತೆ ಅಲ್ಲ, ಒಳಗೊಳಗೇ ಕುದಿಯುವ ಸಿಟ್ಟು. ಅದು ಹೊರಬರುವ ದಾರಿ ಮತ್ತೆ ಮೊಬೈಲೇ. ಆದ್ದರಿಂದ 'ತಂದೆತಾಯಿಗೆ ನಾನು ಏಕೆ ಋಣಿ' ಎಂದು ಹತ್ತು ಅಂಕದ ಪ್ರಬಂಧ ಬರೆಸಿದರೆ ಅದು ಈ ಅಭ್ಯಾಸ ಆಗಲಾರದು. ಮಕ್ಕಳು ಟೀಚರಿಗೆ ಬೇಕಾದ್ದನ್ನು ಬರೆಯುತ್ತಾರೆ, ಅಂಕ ಪಡೆಯುತ್ತಾರೆ, ಅಲ್ಲಿಗೆ ಮುಗಿಯಿತು.

'ಧನ್ಯವಾದ' ಹೇಳದ ಮನೆಗಳು

ನಮ್ಮ ಮನೆಗಳಲ್ಲಿ ಅಮ್ಮ ಅನ್ನ ಬಡಿಸಿದರೆ 'ಧನ್ಯವಾದ' ಎನ್ನುವ ಮಗ ಇದ್ದಾನೆಯೇ? ಹಾಗೆ ಹೇಳಿದರೆ ಅಮ್ಮನೇ ನಗುತ್ತಾಳೆ, "ಎಂತದು ನಿಂಗೆ ಇವತ್ತು?" ಅಂತ. ಹತ್ತಿರದವರಲ್ಲಿ ಉಪಕಾರ ಬಾಯಲ್ಲಿ ಹೇಳುವ ವಸ್ತು ಅಲ್ಲ. ಬಟ್ಟಲು ತೊಳೆದಿಟ್ಟು, ಬಾವಿಯಿಂದ ಒಂದು ಕೊಡ ಹೆಚ್ಚು ನೀರು ಸೇದಿಟ್ಟು ತೋರಿಸುವ ವಸ್ತು. ಹಾಗಾಗಿ ಪರದೇಶದ 'ಥ್ಯಾಂಕ್ಯೂ ಕಾರ್ಡ'ನ್ನು ಹಾಗೆಯೇ ತಂದರೆ ನಮ್ಮ ಮಕ್ಕಳಿಗೆ ಅದು ನಾಟಕ ಅನ್ನಿಸೀತು. ನಮಗೆ ಹೊಂದುವುದು 'ಹೇಳು' ಎನ್ನುವುದಕ್ಕಿಂತ 'ನೆನೆ' ಎನ್ನುವುದು. ಊಟ ಕೊಟ್ಟವರನ್ನು ನೆನೆಯುವ, ಹತ್ತಿದ ಏಣಿಯನ್ನು ಒದೆಯಬಾರದೆನ್ನುವ ಮಾತು ನಮ್ಮ ಹಿರಿಯರ ಬಾಯಲ್ಲಿ ಇದ್ದದ್ದೇ.

ಇನ್ನು ಭಾಷೆ. ಸಪ್ತಭಾಷೆಗಳ ನಾಡು ಎನ್ನುತ್ತೇವೆ. ಕನ್ನಡ ಮಾಧ್ಯಮದ ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ ಮನೆಮಾತಿನ ಮಕ್ಕಳು ಕೂರುತ್ತಾರೆ. ಮೊಬೈಲಿನ ಗೇಲಿಗೂ ಇದೇ ಮೊದಲ ಕಾರಣವಾಗಬಹುದು. ಒಬ್ಬನ ಮಲಯಾಳ ಸರಿ ಇಲ್ಲ, ಇನ್ನೊಬ್ಬಳ ಕನ್ನಡಕ್ಕೆ ಬೇರೆ ರಾಗ ಇದೆ. ವಾಯ್ಸ್ ಮೆಸೇಜು ಅಣಕಿಸಿ ಮುಂದೆ ಕಳಿಸುವುದಕ್ಕೆ ಎರಡು ನಿಮಿಷ ಸಾಕು. ಹೊಸೂರು, ತಾಳವಾಡಿಯಲ್ಲಿ ತಮಿಳಿನ ನಡುವೆ, ಅಕ್ಕಲಕೋಟೆ, ಜತ್ತ್ ಕಡೆ ಮರಾಠಿಯ ನಡುವೆ, ಆದೋನಿ, ರಾಯದುರ್ಗದಲ್ಲಿ ತೆಲುಗಿನ ನಡುವೆ ಓದುವ ನಮ್ಮ ಮಕ್ಕಳಿಗೂ ಈ ಮಾತು ಅರ್ಥವಾದೀತು.

ಅದಕ್ಕೇ ಈ ನೋಟ್‌ಬುಕ್ಕಿಗೆ ವ್ಯಾಕರಣ ಬೇಡ, ಕೆಂಪು ಶಾಯಿ ಬೇಡ. ಮಗು ಮನೆಮಾತಿನಲ್ಲೇ ಬರೆಯಲಿ. ತುಳುವಿನ 'ಸೊಲ್ಮೆಲು' ಕನ್ನಡ ಲಿಪಿಯಲ್ಲಿ ಬರಲಿ, ಮಲಯಾಳದ 'ನನ್ನಿ'ಯೂ ಬರಲಿ. ಮನಸ್ಸಿಗೆ ತಟ್ಟಿದ್ದನ್ನು ಹೇಳುವಾಗ ಪರೀಕ್ಷೆಯ ಭಾಷೆ ಅಡ್ಡ ನಿಲ್ಲಬಾರದು. ತನ್ನ ಭಾಷೆಯವರಲ್ಲದವರಿಂದ ಆದ ಒಂದು ಒಳಿತನ್ನು ತಿಂಗಳಿಗೊಮ್ಮೆಯಾದರೂ ಬರೆಯುವ ಪದ್ಧತಿ ಇಟ್ಟರೆ ಗಡಿನಾಡಿನ ಮಕ್ಕಳಿಗೆ ಇನ್ನೂ ಒಳ್ಳೆಯದು.

ಶಾಲೆಯಲ್ಲಿ ಮಾಡುವುದು ಹೇಗೆ?

ಇದಕ್ಕೆ ಸರಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ. ದೆಹಲಿ ಸರಕಾರ 2018ರ ಜುಲೈಯಲ್ಲಿ ಎಂಟನೇ ತರಗತಿವರೆಗೆ 'ಹ್ಯಾಪಿನೆಸ್ ಕರಿಕುಲಂ' ತಂದಾಗ ಕೃತಜ್ಞತೆಯೂ ಅದರಲ್ಲೊಂದು ಪಾಠವಾಗಿತ್ತು. ನಮ್ಮಲ್ಲಿ ಒಬ್ಬ ಕ್ಲಾಸ್ ಟೀಚರ್ ಮನಸ್ಸು ಮಾಡಿದರೆ ಸಾಕು. ಮೇಲಿನ ಅಧ್ಯಯನಗಳಿಂದ ಹೆಕ್ಕಿದ ಕೆಲವು ಸೂತ್ರಗಳು ಇಲ್ಲಿವೆ.

* ವಾರಕ್ಕೊಮ್ಮೆ ಸಾಕು. ಸೋಂಜಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಹೇಳಿದಂತೆ, ಆರು ವಾರದ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ. ದಿನಾ ಬರೆಸಿದರೆ ಅದೂ ಕಾಪಿ ಬರೆದ ಹಾಗೆಯೇ.

* ಮೂರೇ ಸಾಲು. ಯಾರು, ಏನು ಮಾಡಿದರು. ಅದಕ್ಕೆ ಅವರಿಗೆ ಏನು ತೊಂದರೆಯಾಯಿತು. ನನಗೇನಾಯಿತು. 'ದೇವರಿಗೆ, ತಂದೆತಾಯಿಗೆ, ಗುರುಗಳಿಗೆ' ಎಂಬ ಸಾಮಾನ್ಯ ಪಟ್ಟಿ ಬೇಡ. 'ಬುಧವಾರ ಲ್ಯಾಬಿನಲ್ಲಿ ಬೀಕರ್ ಒಡೆದಾಗ ಅವನೂ ನನ್ನ ಜೊತೆ ನಿಂತ' ಎಂಬಂಥ ನಿರ್ದಿಷ್ಟ ಸಂಗತಿ ಬೇಕು.

* ಓದಿ ಹೇಳಲು ಒತ್ತಾಯ ಇಲ್ಲ, ಅಂಕ ಇಲ್ಲ, ಬಹುಮಾನ ಇಲ್ಲ. 'ಈ ವಾರ ಬರೆಯಲು ಏನೂ ಇಲ್ಲ' ಎಂದರೂ ಸರಿ. ಹಾಗೆ ಬರೆದ ಮಗುವನ್ನು ಟೀಚರ್ ಮೆಲ್ಲನೆ ಕರೆದು ಮಾತಾಡಿಸಬೇಕು. ಅದು ಬಹುಶಃ ಯಾರಿಗೋ ಹೇಳಬೇಕಾದ ಮಾತಿನ ಮೊದಲ ಸಾಲು.

* ನೋಡುತ್ತಾ ಕೂತವರನ್ನು ಮರೆಯಬೇಡಿ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ತಂಡ ರೂಪಿಸಿದ 'ಕಿವಾ' ಯೋಜನೆ ಪೀಡಿಸುವವನಿಗಿಂತ ಸುತ್ತ ನಿಂತವರ ಮೇಲೆ ಹೆಚ್ಚು ಕೆಲಸ ಮಾಡುತ್ತದೆ. ಗೇಲಿ ನಡೆಯುವಾಗ 'ಸಾಕು ನಿಲ್ಲಿಸಿ' ಎಂದು ಗುಂಪಿನಲ್ಲಿ ಬರೆದವಳು ಯಾರು, ಮುಂದೆ ಕಳಿಸದೆ ಅಳಿಸಿದವನು ಯಾರು? ಅವರೂ ಈ ನೋಟ್‌ಬುಕ್ಕಿನಲ್ಲಿ ಬರಲಿ. ಗುಂಪಿನಲ್ಲಿ ಒಳ್ಳೆಯವನಾಗುವುದಕ್ಕೆ ಧೈರ್ಯ ಬೇಕು, ಆ ಧೈರ್ಯಕ್ಕೆ ಸಾಕ್ಷಿ ಬೇಕು.

* ಟೀಚರೂ ಬರೆಯಲಿ. ಮಕ್ಕಳಿಂದ ತನಗಾದ ಒಳಿತನ್ನು ಟೀಚರ್ ಒಮ್ಮೆ ಓದಿದರೆ ಸಾಕು, ಉಳಿದದ್ದು ತಾನಾಗಿ ಆದೀತು.

ಪೆಟ್ಟು ತಿಂದವನಿಗೆ ಈ ಮದ್ದು ಬೇಡ

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ನಕಲಿ ಖಾತೆ ತೆರೆದು ಒಬ್ಬ ಹುಡುಗಿಯ ಫೋಟೋ ಹಾಕಿದ್ದಾರೆ. ಅವಳು ಅಳುತ್ತಾ ಬಂದಾಗ "ಒಳ್ಳೆಯದನ್ನು ನೆನೆಸಿಕೋ, ಬರಿ" ಎಂದರೆ ಅದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ. ಮನೆಯಲ್ಲಿ ಹೊಡೆತ ತಿನ್ನುವ ಮಗುವಿನಿಂದ ಅದೇ ಮನೆಯ ಉಪಕಾರ ಬರೆಸುವುದೂ ಹಾಗೆಯೇ. ಉಪಕಾರ ಸ್ಮರಣೆ ಜಗಳ ಹುಟ್ಟುವ ಮೊದಲಿನ ಮದ್ದು, ಇಡೀ ಕ್ಲಾಸಿಗೆ ಕೊಡುವಂಥದ್ದು. ಪೆಟ್ಟು ಬಿದ್ದ ಮೇಲೆ ಬೇಕಾದದ್ದು ರಕ್ಷಣೆ, ನ್ಯಾಯ, ಜೊತೆಗೆ ಕೂರುವ ಒಬ್ಬ ಹಿರಿಯರು.

ಕಾನೂನಿನ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿದ್ದು ನಿಜ. ಹಾಗೆಂದು ಮೊಬೈಲಿನಲ್ಲಿ ಏನು ಮಾಡಿದರೂ ಕೇಳುವವರಿಲ್ಲ ಎಂದಲ್ಲ. ಇನ್ನೊಬ್ಬರ ಗುರುತು ಕದ್ದು ಬಳಸುವುದು (66ಸಿ), ಇನ್ನೊಬ್ಬರಂತೆ ನಟಿಸಿ ಮೋಸ ಮಾಡುವುದು (66ಡಿ), ಖಾಸಗಿ ಅಂಗಗಳ ಚಿತ್ರ ಒಪ್ಪಿಗೆ ಇಲ್ಲದೆ ತೆಗೆಯುವುದು, ಹರಡುವುದು (66ಇ) ಈಗಲೂ ಅಪರಾಧ. ಮಕ್ಕಳ ಅಶ್ಲೀಲ ಚಿತ್ರ ಹಂಚಿದರೆ 67ಬಿ ಮತ್ತು ಪೋಕ್ಸೋ ಕಾಯ್ದೆ ಬರುತ್ತದೆ. ಕಳಿಸಿದವನಿಗೂ ಹದಿನೆಂಟು ತುಂಬಿಲ್ಲವಾದರೆ ಅವನು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬೇಕಾಗುತ್ತದೆ. 'ನಾನು ಫಾರ್ವರ್ಡ್ ಮಾತ್ರ ಮಾಡಿದ್ದು' ಎಂದು ಹೇಳಿ ತಪ್ಪಿಸಿಕೊಳ್ಳಲು ಆಗದು.

ಇಂಥದ್ದು ನಡೆದರೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸಬೇಡಿ. ಕ್ಲಾಸ್ ಟೀಚರ್, ಶಾಲಾ ಕೌನ್ಸಿಲರ್‌ಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930, ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416. ಮಗುವಿನ ಫೋನ್ ಕಿತ್ತುಕೊಳ್ಳುವುದನ್ನು ಮೊದಲ ಶಿಕ್ಷೆ ಮಾಡಬೇಡಿ. ಫೋನ್ ಹೋಗುತ್ತದೆಂಬ ಹೆದರಿಕೆಗೇ ಮುಂದಿನ ಸಲ ಅದು ನಿಮಗೆ ಹೇಳದೇ ಉಳಿದೀತು.

ಮನೆಯವರಿಗೂ ಒಂದು ಪ್ರಶ್ನೆ

ಮಕ್ಕಳ ಗುಂಪಿನ ಬೈಗುಳದ ಬಗ್ಗೆ ಪಿಟಿಎ ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ನಮ್ಮ ಕುಟುಂಬದ ಗುಂಪು, ಊರಿನ ಗುಂಪು, ಪಕ್ಷದ ಗುಂಪು ಹೇಗಿವೆ? ಹಂಚುವ ಮುಂಚೆ ಎಷ್ಟು ಜನ ಯೋಚಿಸುತ್ತೇವೆ? ಬೇರೆ ಭಾಷೆಯವರ, ಬೇರೆ ಜಾತಿಯವರ ಬಗ್ಗೆ ನಾವು ಫಾರ್ವರ್ಡ್ ಮಾಡಿದ್ದನ್ನು ಮಗ ನಮ್ಮ ಹೆಗಲ ಹಿಂದಿನಿಂದ ಓದುತ್ತಿರುತ್ತಾನೆ. ಅವನ ಮೊದಲ ಪಾಠಶಾಲೆ ಅದೇ.

ಶಾಲೆಯಲ್ಲಿ ಮೂರು ಸಾಲು ಬರೆಸುವ ಟೀಚರಿಗೆ ಮನೆಯವರು ಮಾಡಬಹುದಾದ ಸಹಾಯ ಸಣ್ಣದು. ರಾತ್ರಿ ಊಟಕ್ಕೆ ಕೂತಾಗ ಎಲ್ಲರ ಫೋನ್ ಕಪಾಟಿನ ಮೇಲೆ. ಮಾರ್ಕು ಎಷ್ಟು ಬಂತು ಎಂಬ ಪ್ರಶ್ನೆಯ ಬದಲು, "ಇವತ್ತು ನಿನಗೆ ಯಾರಾದರೂ ಉಪಕಾರ ಮಾಡಿದ್ರಾ? ನೀನು ಯಾರಿಗಾದರೂ?" ಎಂದು ಕೇಳಿ. ಮೊದಲ ವಾರ "ಎಂತ ಇಲ್ಲ" ಎಂಬ ಉತ್ತರ ಬರುತ್ತದೆ. ಕೇಳುವುದನ್ನು ಬಿಡಬೇಡಿ. ನಿಮ್ಮದನ್ನೂ ಹೇಳಿ: ಅಂಗಡಿಯವರು ಮರೆತ ಚಿಲ್ಲರೆ ಕರೆದು ಕೊಟ್ಟದ್ದು, ಪಕ್ಕದ ಮನೆಯವರು ತೋಟದ ಪಂಪು ಆಫ್ ಮಾಡಿ ಹೋದದ್ದು. ಕೇಳುತ್ತಾ ಕೇಳುತ್ತಾ ಮಗುವಿಗೂ ಅಂಥವು ಕಣ್ಣಿಗೆ ಬೀಳತೊಡಗುತ್ತವೆ. ಮುಂದೊಂದು ರಾತ್ರಿ ಗುಂಪಿನಲ್ಲಿ ಯಾರದೋ ಗೇಲಿ ಚಿತ್ರ ಬಂದಾಗ, ಆ ಮುಖವನ್ನು ಗುರುತು ಹಿಡಿದು ಬೆರಳು ಒಂದು ಕ್ಷಣ ತಡೆದೀತು. ಆ ಒಂದು ಕ್ಷಣಕ್ಕಾಗಿ ವಾರಕ್ಕೆ ಹತ್ತು ನಿಮಿಷ ಕೊಡಬಹುದು.